ಆಪ್ತ ಸಲಹೆ: ಊರಿನ ಹಂಬಲ ಬೇರೆ, ಒಂಟಿತನ ಬೇರೆ

ಈ ಸಂಚಿಕೆಗೆಂದು ಬಂದ ಪತ್ರಗಳ ಪೈಕಿ ಮೂರನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೂವರೂ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳವರು. ಒಬ್ಬರು ಲಂಡನ್ನಿನಿಂದ ಬರೆದಿದ್ದಾರೆ, ಇನ್ನೊಬ್ಬರು ಟೊರಾಂಟೊದಲ್ಲಿ ನಾಲ್ಕು ತಿಂಗಳಿದ್ದು ಹಾಸನಕ್ಕೆ ಮರಳಿದವರು, ಮತ್ತೊಬ್ಬರು ಸಿಂಗಪುರವನ್ನು ಬಿಟ್ಟು ಊರಿಗೆ ಬಂದ ಮೇಲೆ ಒಂಟಿಯಾದವರು. ಅವರ ಕೋರಿಕೆಯಂತೆ ಹೆಸರುಗಳನ್ನೂ ಗುರುತು ಸಿಗುವ ವಿವರಗಳನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನವಳು, ವಯಸ್ಸು 27. ಹದಿನಾಲ್ಕು ತಿಂಗಳ ಹಿಂದೆ ಕೆಲಸ ಸಿಕ್ಕಿ ಲಂಡನ್ನಿಗೆ ಬಂದೆ. ನಗರದ ಪೂರ್ವ ಭಾಗದ ಒಂದು ಮನೆಯಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇನೆ. ಉಳಿದ ನಾಲ್ಕು ಕೋಣೆಗಳಲ್ಲಿ ನಾಲ್ಕು ದೇಶದವರಿದ್ದಾರೆ. ಅಡುಗೆಮನೆಯಲ್ಲಿ ಎದುರಾದರೆ ಮುಗುಳ್ನಕ್ಕು ಪಕ್ಕಕ್ಕೆ ಸರಿಯುವಷ್ಟೇ ಪರಿಚಯ. ವಾರದಲ್ಲಿ ಮೂರು ದಿನ ಕೋಣೆಯಲ್ಲೇ ಕುಳಿತು ಕೆಲಸ ಮಾಡುತ್ತೇನೆ. ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಅಮ್ಮನಿಗೆ ವಿಡಿಯೊ ಕರೆ ಮಾಡಿ ಒಂದು ಗಂಟೆಗೂ ಹೆಚ್ಚು ಮಾತಾಡುತ್ತೇನೆ, ಆದರೆ ಫೋನ್ ಇಟ್ಟ ಮೇಲೆ ಕೋಣೆ ಮೊದಲಿಗಿಂತ ಖಾಲಿಯಾಗಿ ಕಾಣುತ್ತದೆ. ಕಳೆದ ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ ವಿಡಿಯೊವನ್ನು ತಂಗಿ ಕಳಿಸಿದಾಗ, ತುಂಬಿದ ಮೆಟ್ರೊ ರೈಲಿನಲ್ಲಿ ನಿಂತು ಅತ್ತುಬಿಟ್ಟೆ. ಯಾರೂ ತಲೆ ಎತ್ತಿ ನೋಡಲಿಲ್ಲ. ಈಗ ಎರಡನೆಯ ಚಳಿಗಾಲ. ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಭಾನುವಾರ ಮಧ್ಯಾಹ್ನದವರೆಗೆ ಹಾಸಿಗೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ನನ್ನ ಓದಿಗೆಂದು ಅಪ್ಪ ತೋಟದ ಮೇಲೆ ಮಾಡಿದ ಸಾಲದ ಕಂತನ್ನು ಈಗ ನಾನೇ ಕಟ್ಟುತ್ತಿರುವುದರಿಂದ ಮನೆಯಲ್ಲಿ ಏನನ್ನೂ ಹೇಳಿಕೊಂಡಿಲ್ಲ. ಇದು ನನ್ನ ಮನಸ್ಸಿನ ದೌರ್ಬಲ್ಯವೇ? ಎಲ್ಲ ಬಿಟ್ಟು ವಾಪಸ್ ಬಂದುಬಿಡಲೇ?

ಉತ್ತರ: ದೌರ್ಬಲ್ಯದ ಮಾತನ್ನು ಮೊದಲು ಮುಗಿಸಿಬಿಡೋಣ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೊಹಾನೆಸ್ ಹೋಫರ್ ಎಂಬ 19 ವರ್ಷದ ವೈದ್ಯ ವಿದ್ಯಾರ್ಥಿ ಊರಿನ ಹಂಬಲವನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧ ಬರೆದ. ಮರಳುವಿಕೆ ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ನಾಸ್ಟಾಲ್ಜಿಯಾ ಎಂಬ ಹೆಸರನ್ನು ಟಂಕಿಸಿದವನು ಆತನೇ. ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದಿದ್ದ ಯುವಕನೊಬ್ಬ ಜ್ವರ ಹಿಡಿದು, ಎದೆ ಬಡಿತ ಏರಿ, ಸಾಯುವ ಸ್ಥಿತಿಗೆ ಬಂದಿದ್ದಾಗ ಅವನನ್ನು ಊರಿಗೆ ಕಳಿಸುವುದೆಂದು ತೀರ್ಮಾನಿಸಿ ಸಿದ್ಧತೆ ನಡೆಸುತ್ತಿದ್ದಂತೆಯೇ ಉಸಿರು ಸರಾಗವಾಯಿತೆಂದೂ, ದಾರಿಯಲ್ಲೇ ಅವನು ಚೇತರಿಸಿಕೊಂಡನೆಂದೂ ಹೋಫರ್ ಬರೆದಿದ್ದಾನೆ. ಬರ್ನ್‌ಗೂ ಬಾಸೆಲ್‌ಗೂ ಇರುವ ದೂರ ಸುಮಾರು ನೂರು ಕಿಲೋಮೀಟರ್, ಅಂದರೆ ಹಾಸನದಿಂದ ಮೈಸೂರಿಗಿರುವುದಕ್ಕಿಂತಲೂ ಕೊಂಚ ಕಡಿಮೆ. (ನಾನೂ ಪಿ.ಯು.ಸಿ. ಮುಗಿಸಿ ಮೈಸೂರಿನ ಹಾಸ್ಟೆಲು ಸೇರಿದ ಮೊದಲ ತಿಂಗಳಲ್ಲಿ, ಸಂಜೆಯ ಹಾಸನದ ಬಸ್ಸನ್ನು ನೋಡುವುದಕ್ಕೆಂದೇ ಬಸ್ ನಿಲ್ದಾಣಕ್ಕೆ ನಡೆದು ಹೋಗುತ್ತಿದ್ದೆ. ಹತ್ತುವುದಕ್ಕಲ್ಲ, ಅದರ ಬೋರ್ಡನ್ನು ಓದುವುದಕ್ಕೆ.) ನೀವಿರುವುದು ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿ. ಅತ್ತಿದ್ದರಲ್ಲಿ ಆಶ್ಚರ್ಯವೇನಿದೆ?

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಫೋನ್ ಇಟ್ಟ ಮೇಲೆ ಕೋಣೆ ಇನ್ನಷ್ಟು ಖಾಲಿಯಾಗುತ್ತದೆ ಎಂಬ ಸಾಲು. ನಿಮಗೆ ಎರಡು ಸಂಕಟಗಳಿವೆ, ನೀವು ಎರಡಕ್ಕೂ ಒಂದೇ ಮದ್ದನ್ನು ತೆಗೆದುಕೊಳ್ಳುತ್ತಿದ್ದೀರಿ. ತೋಟ, ಅಮ್ಮ, ತಂಗಿ, ಮಳೆ ಬಿದ್ದ ಮಣ್ಣು ಬೇಕೆನ್ನಿಸುವುದು ಊರಿನ ಹಂಬಲ. ಇರುವ ಜಾಗದಲ್ಲಿ ನಿಮ್ಮ ಹೆಸರು ಹಿಡಿದು ಕರೆಯುವವರಿಲ್ಲದಿರುವುದು ಒಂಟಿತನ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲೇ ಒಂಟಿತನವನ್ನು ಎರಡಾಗಿ ಬಿಡಿಸಿ ತೋರಿಸಿದರು: ಆಳವಾದ ಒಂದು ಆಪ್ತ ಸಂಬಂಧವಿಲ್ಲದೆ ಹುಟ್ಟುವುದು ಒಂದು, ಸುತ್ತ ಒಂದು ಬಳಗವಿಲ್ಲದೆ ಹುಟ್ಟುವುದು ಇನ್ನೊಂದು, ಆಪ್ತ ಸಂಬಂಧ ಎಷ್ಟೇ ಇದ್ದರೂ ಬಳಗದ ಕೊರತೆಯನ್ನು ಅದು ತುಂಬಲಾರದು ಎಂಬುದು ಅವರ ಮಾತಿನ ತಿರುಳು. ನಿಮ್ಮ ತಾಯಿ ನಿಮಗೆ ಕೊಡಬಹುದಾದದ್ದನ್ನೆಲ್ಲ ಕೊಡುತ್ತಿದ್ದಾರೆ. ಆದರೆ ಪೂರ್ವ ಲಂಡನ್ನಿನ ಆ ಬೀದಿಯಲ್ಲಿ ನಿಮಗೊಂದು ಬಳಗವನ್ನು ಅವರು ಮೂಡಿಗೆರೆಯಿಂದ ಕಟ್ಟಿಕೊಡಲು ಬರುವುದಿಲ್ಲ.

ಇದು ವಲಸೆ ಬಂದವರಿಗಷ್ಟೇ ಬಂದ ಕಷ್ಟವೂ ಅಲ್ಲ. ಬ್ರಿಟನ್ ಸರ್ಕಾರ 2018ರ ಜನವರಿಯಲ್ಲಿ ಒಂಟಿತನದ ಸಮಸ್ಯೆಯನ್ನು ನೋಡಿಕೊಳ್ಳಲೆಂದೇ ಒಬ್ಬ ಸಚಿವರಿಗೆ ಹೊಣೆ ವಹಿಸಿತು; 2021ರಲ್ಲಿ ಜಪಾನ್ ಕೂಡ ಅದೇ ದಾರಿ ಹಿಡಿಯಿತು. ತೊಂಬತ್ತು ಲಕ್ಷದ ಆಸುಪಾಸು ಜನರಿರುವ ನಿಮ್ಮ ನಗರದಲ್ಲಿ, ಅಂದು ರೈಲಿನಲ್ಲಿ ತಲೆ ಎತ್ತದೆ ನಿಂತಿದ್ದವರ ಪೈಕಿ ಒಬ್ಬಿಬ್ಬರಾದರೂ ಇಂಥದೇ ಭಾನುವಾರಗಳನ್ನು ಕಳೆಯುತ್ತಿರಬಹುದು.

ಈಗ ಗಡಿಯಾರದ ಲೆಕ್ಕವನ್ನು ಸ್ವಲ್ಪ ನೋಡೋಣ, ನನ್ನ ಸಲಹೆಯ ಮುಖ್ಯ ಭಾಗ ಇರುವುದು ಅಲ್ಲೇ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದಿದೆ. ಮಾರ್ಚ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ ಮೇಲೆ ಅಕ್ಟೋಬರ್ ಕೊನೆಯವರೆಗೆ ಆ ಅಂತರ ನಾಲ್ಕೂವರೆ ಗಂಟೆ. ನೀವು ಸಂಜೆ ಆರಕ್ಕೆ ಕರೆ ಮಾಡಿದಾಗ ನಿಮ್ಮ ಮನೆಯಲ್ಲಿ ರಾತ್ರಿ ಹನ್ನೊಂದೂವರೆ. ಕಾಫಿ ಕುಯ್ಲಿನ ಈ ದಿನಗಳಲ್ಲಿ ಬೆಳಗಾಗುವ ಮೊದಲೇ ಏಳಬೇಕಾದ ತೋಟದ ಮನೆಯ ಹೆಂಗಸು ನಿಮಗಾಗಿ ಹನ್ನೆರಡೂವರೆಯವರೆಗೆ ಎಚ್ಚರವಾಗಿರುತ್ತಾರೆ. ಇತ್ತ ನೀವು ನಗರದ ಜನ ಕೆಲಸ ಮುಗಿಸಿ ಒಬ್ಬರನ್ನೊಬ್ಬರು ಕಾಣುವ ಒಂದೇ ಒಂದು ಹೊತ್ತನ್ನು, ಆರರಿಂದ ಎಂಟರವರೆಗಿನ ಸಂಜೆಯನ್ನು, ಕೋಣೆಯ ಬಾಗಿಲು ಹಾಕಿಕೊಂಡು ಕಳೆಯುತ್ತೀರಿ. ಆದ್ದರಿಂದ ಕರೆಯನ್ನು ಕೆಲಸ ಶುರುವಾಗುವ ಮೊದಲಿಗೆ ಬದಲಾಯಿಸಿಕೊಳ್ಳಿ. ಅಲ್ಲಿ ಬೆಳಗ್ಗೆ ಎಂಟಾದಾಗ ಇಲ್ಲಿ ಮಧ್ಯಾಹ್ನ ಒಂದೂವರೆ. ಊಟ ಮುಗಿದು ಅಮ್ಮ ಹಜಾರದಲ್ಲಿ ಕಾಲು ಚಾಚುವ ಸಮಯ. ಇಪ್ಪತ್ತು ನಿಮಿಷ ಸಾಕು. ಉದ್ದ ಮಾತಿಗೆ ಶನಿವಾರವೋ ಭಾನುವಾರವೋ ಒಂದು ದಿನವಿರಲಿ.

ಆ ಉದ್ದ ಮಾತಿನಲ್ಲಿ ಒಂದಾದರೂ ನಿಜ ಹೇಳಿ. ನೀವು ನದಿಯ ದಂಡೆಯ ಫೋಟೊ ಕಳಿಸುತ್ತೀರಿ, ತಂಗಿ ಅರಳಿದ ಕಾಫಿ ಹೂವಿನ ವಿಡಿಯೊ ಕಳಿಸುತ್ತಾಳೆ. ಕಾಯಿಕೊರಕದ ಕಾಟವನ್ನೂ, ಕೂಲಿಯವರು ಸಿಗದೆ ಹಣ್ಣು ಉದುರಿದ್ದನ್ನೂ, ಅಪ್ಪನ ಮಂಡಿನೋವನ್ನೂ ಅವರು ಮುಚ್ಚಿಟ್ಟಿರಬಹುದೆಂದು ನಿಮಗೆ ಅನ್ನಿಸಿಲ್ಲವೇ? ಎರಡೂ ಕಡೆಯವರು ಸುಖದ ಚಿತ್ರಗಳನ್ನೇ ಸಾಗಿಸುತ್ತಿದ್ದರೆ ಇಬ್ಬರಿಗೂ ತಾವೊಬ್ಬರೇ ಕಷ್ಟದಲ್ಲಿರುವಂತೆ ತೋರುತ್ತದೆ. ‘ಅಮ್ಮ, ಇಲ್ಲಿ ಒಮ್ಮೊಮ್ಮೆ ತುಂಬಾ ಬೇಜಾರಾಗುತ್ತೆ’ ಎಂಬಷ್ಟು ಮಾತನ್ನು ತಡೆದುಕೊಳ್ಳುವ ಶಕ್ತಿ ಅವರಿಗಿದೆ. ಸಾಲ ಕೊಟ್ಟ ಬ್ಯಾಂಕು ಇದರಿಂದ ಓಡಿ ಬರುವುದಿಲ್ಲ.

ಬಳಗ ಕಟ್ಟುವ ವಿಷಯದಲ್ಲಿ ನಿಮಗೊಂದು ಸಮಾಧಾನದ ಲೆಕ್ಕವಿದೆ. ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ 2018ರ ಅಧ್ಯಯನದ ಪ್ರಕಾರ, ಬರೀ ಪರಿಚಯ ಸಾಮಾನ್ಯ ಗೆಳೆತನವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಅದು ನಿಜವಾದ ಗೆಳೆತನವಾಗಲು ಸುಮಾರು 90 ಗಂಟೆ, ಆಪ್ತ ಗೆಳೆತನವಾಗಲು 200 ಗಂಟೆಗೂ ಹೆಚ್ಚು. ಊರಿನಲ್ಲಿ ಈ ಗಂಟೆಗಳನ್ನು ನೀವು ಎಂದೂ ಎಣಿಸಿರಲಿಲ್ಲ. ಶಾಲೆಯ ಬಸ್ಸು, ಮದುವೆ ಮನೆ, ಸುಗ್ಗಿ ಹಬ್ಬ ಎಂದು ಅವು ತಾವಾಗಿಯೇ ಕೂಡಿಬಂದಿದ್ದವು. ವಾರಕ್ಕೆ ಎರಡು ಗಂಟೆಯಂತೆ ಒಬ್ಬರನ್ನು ಕಂಡರೆ ಐವತ್ತು ಗಂಟೆ ತುಂಬುವುದಕ್ಕೇ ಆರು ತಿಂಗಳು ಬೇಕು. ಕೋಣೆಯಲ್ಲೇ ಕುಳಿತು ಕೆಲಸ ಮಾಡುವ ನಿಮಗೆ ಹದಿನಾಲ್ಕು ತಿಂಗಳಲ್ಲಿ ಆಪ್ತರು ಸಿಗದಿದ್ದರೆ ಅದು ನಿಮ್ಮ ಸ್ವಭಾವದ ಕುಂದಲ್ಲ, ಗಂಟೆಗಳು ಕೂಡಲಿಲ್ಲ ಅಷ್ಟೆ. ಹೊಸ ಹೊಸ ಜನರನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಅದೇ ಜಾಗಕ್ಕೆ, ಅದೇ ಹೊತ್ತಿಗೆ, ಅದೇ ಮುಖಗಳ ನಡುವೆ ಮತ್ತೆ ಮತ್ತೆ ಹೋಗುವುದು ಮುಖ್ಯವೆಂದು ನಾನು ಹೇಳುವುದು ಇದಕ್ಕಾಗಿ.

ಅಂಥ ಜಾಗಗಳು ನಿಮ್ಮ ನಗರದಲ್ಲಿ ಬೇಕಾದಷ್ಟಿವೆ. ಪ್ರತಿ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿನ ಅನೇಕ ಉದ್ಯಾನಗಳಲ್ಲಿ ಪಾರ್ಕ್‌ರನ್ ಎಂಬ ಐದು ಕಿಲೋಮೀಟರ್ ಓಟ ನಡೆಯುತ್ತದೆ. 2004ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ ಹದಿಮೂರು ಜನ ಓಡುವುದರೊಂದಿಗೆ ಅದು ಶುರುವಾಯಿತು. ಹಣ ಕೊಡಬೇಕಾಗಿಲ್ಲ, ಓಡಲೂ ಬೇಕಾಗಿಲ್ಲ. ನಡೆಯಬಹುದು, ಇಲ್ಲವೇ ಸ್ವಯಂಸೇವಕಿಯಾಗಿ ಸಮಯ ಬರೆದುಕೊಳ್ಳಬಹುದು. ನನ್ನನ್ನು ಕೇಳಿದರೆ ಸ್ವಯಂಸೇವೆಯೇ ಮೇಲು, ಏಕೆಂದರೆ ಮಾಡಲು ಕೆಲಸವೊಂದು ಕೈಯಲ್ಲಿದ್ದಾಗ ಮಾತು ಹುಡುಕಬೇಕಾಗುವುದಿಲ್ಲ. ತೋಟದಲ್ಲಿ ಬೆಳೆದ ಕೈಗೆ ಮಣ್ಣು ಬೇಕೆನ್ನಿಸಿದರೆ, ಬಡಾವಣೆಯ ಜನ ಸೇರಿ ನಡೆಸುವ ಸಮುದಾಯ ತೋಟಗಳು ಪೂರ್ವ ಲಂಡನ್ನಿನಲ್ಲೂ ಇವೆ. ವಾರಕ್ಕೊಮ್ಮೆ ಕಳೆ ಕೀಳಲು ಬರುವವರನ್ನು ಅವರು ಬೇಡವೆನ್ನಲಾರರು. ಹತ್ತಿರದ ಗ್ರಂಥಾಲಯದ ಸೂಚನಾ ಫಲಕವನ್ನು ಓದಿ ನೋಡಿ.

ಕನ್ನಡದವರ ಕೂಟಗಳಿಗೂ ಹೋಗಿ, ಆದರೆ ಒಂದು ಕಿವಿಮಾತು. ಯುಗಾದಿಗೋ ರಾಜ್ಯೋತ್ಸವಕ್ಕೋ ರೇಷ್ಮೆ ಸೀರೆ ಉಟ್ಟು ಹೋಗಿ, ಒಬ್ಬಟ್ಟು ತಿಂದು, ಫೋಟೊ ತೆಗೆಸಿಕೊಂಡು ಬಂದರೆ ರಾತ್ರಿಯ ಹೊತ್ತಿಗೆ ಒಂಟಿತನ ಇಮ್ಮಡಿಯಾಗುವುದುಂಟು. ಹಬ್ಬದ ಹಿಂದಿನ ದಿನ ತರಕಾರಿ ಹೆಚ್ಚುವ ಗುಂಪಿಗೆ, ಮುಗಿದ ಮೇಲೆ ಪಾತ್ರೆ ತೊಳೆದು ಕುರ್ಚಿ ಜೋಡಿಸುವ ಗುಂಪಿಗೆ ಸೇರಿಕೊಳ್ಳಿ. ಮಲೆನಾಡಿನ ಮದುವೆ ಮನೆಗಳಲ್ಲಿ ನೆಂಟಸ್ತಿಕೆ ಬೆಳೆಯುವುದು ಚಪ್ಪರದಲ್ಲಿ ಅಲ್ಲ, ಅಡುಗೆ ಕೊಟ್ಟಿಗೆಯಲ್ಲಿ ಎಂಬುದು ನಿಮಗೆ ಗೊತ್ತೇ ಇದೆ. ಥೇಮ್ಸ್ ನದಿಯ ದಂಡೆಯಲ್ಲಿ, ಪಾರ್ಲಿಮೆಂಟ್ ಭವನದ ಎದುರು ದಡದಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ನೋಡಿಲ್ಲದಿದ್ದರೆ ಒಂದು ದಿನ ಹೋಗಿ ಬನ್ನಿ, ಒಬ್ಬರೇ ಹೋಗಬೇಡಿ. ಕಚೇರಿಯ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಹೋಗಿ, ಇವರು ಯಾರೆಂದು ನಿಮ್ಮ ಮಾತಿನಲ್ಲಿ ಹೇಳಿ. ನಮ್ಮ ಊರನ್ನು ಇನ್ನೊಬ್ಬರಿಗೆ ಹೇಳುತ್ತ ಹೋದಂತೆ ಊರಿನ ಹಂಬಲದ ಭಾರ ಸ್ವಲ್ಪ ಇಳಿಯುತ್ತದೆಂಬುದು ನನ್ನ ಅನುಭವ.

ಆದರೆ ಎಲ್ಲಕ್ಕಿಂತ ಹತ್ತಿರವಿರುವವರು ಗೋಡೆಯಾಚೆಯ ಆ ನಾಲ್ವರು. ಅವರೂ ನಿಮ್ಮಂತೆಯೇ ಮುಗುಳ್ನಕ್ಕು ಪಕ್ಕಕ್ಕೆ ಸರಿಯುತ್ತಿದ್ದಾರೆ. ಮುಂದಿನ ಭಾನುವಾರ ಒಬ್ಬರಿಗಲ್ಲ, ಐವರಿಗೆ ಆಗುವಷ್ಟು ಅಕ್ಕಿರೊಟ್ಟಿಗೆ ಹಿಟ್ಟು ಕಲಸಿ. ಕಿಟಕಿ ತೆರೆದಿಡಿ, ಇಲ್ಲದಿದ್ದರೆ ಹೊಗೆಗೆ ಅಲಾರಂ ಬಡಿದುಕೊಂಡು ನೀವು ಕರೆಯುವ ಮೊದಲೇ ಎಲ್ಲರೂ ಓಡಿ ಬಂದಾರು. ಫಿಲ್ಟರ್ ಕಾಫಿ ಹಾಕಿ ಕೊಡಿ. ಲಂಡನ್ನಿನ ಮೊದಲ ಕಾಫಿ ಮನೆಯನ್ನು 1652ರಲ್ಲಿ ತೆರೆದ ಪಾಸ್ಕ್ವಾ ರೋಸೆ ಕೂಡ ಹೊರಗಿನಿಂದ ಬಂದವನೇ. ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದರೆಂಬ ಕಥೆ ಹೇಳಲು ಮೂಡಿಗೆರೆಯ ಮಗಳಿಗೆ ಯಾರ ಸಹಾಯವೂ ಬೇಡ. ಮೊದಲ ವಾರ ಇಬ್ಬರು ಬರಬಹುದು, ಎರಡನೆಯ ವಾರ ಯಾರೂ ಬಾರದಿರಬಹುದು. ಮೂರನೆಯ ವಾರವೂ ಹಿಟ್ಟು ಕಲಸಿ.

ಕತ್ತಲೆಯದು ಪ್ರತ್ಯೇಕ ವಿಚಾರ. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ಹಗಲು ಎಂಟು ಗಂಟೆಗೂ ಕಡಿಮೆ. ಸೂರ್ಯ ಎಂಟರ ಸುಮಾರಿಗೆ ಹುಟ್ಟಿ ನಾಲ್ಕರೊಳಗೆ ಮುಳುಗುತ್ತಾನೆ. ಚಿಕ್ಕಮಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚಿರುತ್ತದೆ. ಬೆಳಕಿನ ಕೊರತೆಯಿಂದ ಚಳಿಗಾಲದಲ್ಲಿ ಮರುಕಳಿಸುವ ಖಿನ್ನತೆಯನ್ನು 1984ರಲ್ಲಿ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ವಿವರಿಸಿದರು. ಏಳಲಾಗದ ನಿದ್ದೆ, ಹಿಟ್ಟು–ಸಕ್ಕರೆಯ ತಿನಿಸಿನ ಆಸೆ, ಜನರಿಂದ ದೂರವಿರುವ ಮನಸ್ಸು ಅದರ ಲಕ್ಷಣಗಳು. ನಿಮ್ಮ ಭಾನುವಾರದ ವರ್ಣನೆ ಅದಕ್ಕೆ ಹತ್ತಿರವಿದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಮೋಡವಿದ್ದರೂ ಸರಿ, ಅರ್ಧ ಗಂಟೆ ಹೊರಗೆ ನಡೆಯಿರಿ. ಬೆಳಗಿನ ಹೊತ್ತು ಅರ್ಧ ಗಂಟೆ ಎದುರಿಗಿಟ್ಟು ಕೂರುವ 10,000 ಲಕ್ಸ್ ಬೆಳಕಿನ ದೀಪಗಳು ಸಿಗುತ್ತವೆ, ಆದರೆ ವೈದ್ಯರನ್ನು ಕೇಳಿಯೇ ಕೊಳ್ಳಿ. ಕಣ್ಣಿನ ತೊಂದರೆಯಿರುವವರಿಗೆ, ಮನಸ್ಸು ತೀರಾ ಏರಿಳಿಯುವ ಕಾಯಿಲೆಯಿರುವವರಿಗೆ ಅದು ಹೊಂದದು. ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೊಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಎಂದು ಅಲ್ಲಿನ ಆರೋಗ್ಯ ಇಲಾಖೆ ಎಲ್ಲರಿಗೂ ಹೇಳುತ್ತದೆ. ನಮ್ಮಂಥ ಮೈಬಣ್ಣದವರಿಗೆ ವರ್ಷವಿಡೀ ಬೇಕಾಗಬಹುದು.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಹಸಿವು, ಕೆಲಸದ ಗಮನ ಮೂರೂ ಕೆಟ್ಟರೆ ಇದನ್ನು ಊರಿನ ನೆನಪು ಎಂದು ತಳ್ಳಿಹಾಕಬೇಡಿ. ನಿಮ್ಮ ಬಡಾವಣೆಯ ಜನರಲ್ ಪ್ರಾಕ್ಟಿಷನರ್ ಬಳಿ ಹೆಸರು ನೋಂದಾಯಿಸಿಕೊಂಡಿದ್ದೀರಿ ತಾನೆ? ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಆಪ್ತಸಮಾಲೋಚನೆಗೆ ವೈದ್ಯರ ಚೀಟಿಯಿಲ್ಲದೆ ನೀವೇ ನೇರವಾಗಿ ಅರ್ಜಿ ಹಾಕಬಹುದು. ಬದುಕೇ ಬೇಡವೆನ್ನಿಸುವ ರಾತ್ರಿ ಬಂದರೆ, ಯಾವ ಹೊತ್ತಿನಲ್ಲಾದರೂ ಹಣವಿಲ್ಲದೆ ಕರೆ ಮಾಡಬಹುದಾದ ಸಮಾರಿಟನ್ಸ್ ಸಹಾಯವಾಣಿಯ ಸಂಖ್ಯೆ 116 123. ಈ ಪತ್ರವನ್ನು ಕರ್ನಾಟಕದಲ್ಲಿ ಓದುತ್ತಿರುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ವಾಪಸ್ ಬರುವ ಪ್ರಶ್ನೆಗೆ ನನ್ನ ಉತ್ತರ: ಈಗಲೇ ತೀರ್ಮಾನಿಸಬೇಡಿ. ಕತ್ತಲೆಯ ತಿಂಗಳಲ್ಲಿ ಮಾಡಿದ ತೀರ್ಮಾನದಲ್ಲಿ ನಿಮ್ಮ ಪಾಲೆಷ್ಟು, ಕತ್ತಲೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ರಜೆಯಿದ್ದರೆ ಮಾರ್ಚ್ ಕೊನೆಗೋ ಏಪ್ರಿಲ್‌ಗೋ, ಹೂಮಳೆಯನ್ನು ನಂಬಿಕೊಂಡು, ಹತ್ತು ದಿನ ಮನೆಗೆ ಬಂದು ಹೋಗಿ. ಆಮೇಲೆ ಜೂನ್‌ನಲ್ಲಿ, ರಾತ್ರಿ ಒಂಬತ್ತರವರೆಗೂ ಬೆಳಕಿರುವ ಲಂಡನ್ನಿನಲ್ಲಿ ಕುಳಿತು, ಇದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಕೊಳ್ಳಿ. ಆಗಲೂ ಬರಬೇಕೆನ್ನಿಸಿದರೆ ಬನ್ನಿ. ಕಂತಿನ ವಿಷಯವನ್ನು ಅಪ್ಪನ ಜೊತೆ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಮಾತಾಡಿ, ಕಣ್ಣೀರಿನ ಜೊತೆಗಲ್ಲ.

ಪ್ರಶ್ನೆ: ನಾನು ಹಾಸನದ ನಿವೃತ್ತ ಶಿಕ್ಷಕಿ, 66 ವರ್ಷ. ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಒಬ್ಬನೇ ಮಗ ಟೊರಾಂಟೊದಲ್ಲಿದ್ದಾನೆ. ಕಳೆದ ವರ್ಷ ಅಕ್ಟೋಬರ್‌ನಿಂದ ನಾಲ್ಕು ತಿಂಗಳು ಅಲ್ಲಿದ್ದೆ. ಮಗ, ಸೊಸೆ ಬೆಳಗ್ಗೆ ಹೊರಟರೆ ಸಂಜೆಯವರೆಗೆ ನಾನು, ಟಿ.ವಿ. ಮತ್ತು ಕಿಟಕಿಯಾಚೆಯ ಹಿಮ. ಹಾಸನಾಂಬೆಯ ಬಾಗಿಲು ತೆಗೆದ ದಿನ ದರ್ಶನವಿಲ್ಲದೆ ಅಲ್ಲಿ ಕುಳಿತು ಅತ್ತೆ. ಇಲ್ಲಿಗೆ ಬಂದರೆ ಮಗನ ಮುಖ ಕಣ್ಣಮುಂದೆ ಬರುತ್ತದೆ. ಮನೆ ಮಾರಿ ಶಾಶ್ವತವಾಗಿ ಬಂದುಬಿಡು ಎಂದು ಅವನು ಒತ್ತಾಯಿಸುತ್ತಿದ್ದಾನೆ. ಎಲ್ಲಿರಲಿ?

ಉತ್ತರ: ಅಕ್ಕ, ಮನೆ ಮಾರಬೇಡಿ. ಇಷ್ಟು ಖಚಿತವಾಗಿ ನಾನು ಈ ಅಂಕಣದಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ, ಆದರೆ ಯಜಮಾನರನ್ನು ಕಳೆದುಕೊಂಡ ಮೂರೇ ವರ್ಷದಲ್ಲಿ ಹಾಲಿನವನು, ಹೂವಿನವಳು, ಪಕ್ಕದ ಮನೆಯ ಸೊಸೆ, ನಿಮ್ಮಿಂದ ಮಗ್ಗಿ ಕಲಿತು ಈಗ ಬಸ್ಸಿನಲ್ಲಿ ಎದ್ದು ಜಾಗ ಕೊಡುವ ಹಳೆಯ ಶಿಷ್ಯರು, ಈ ಎಲ್ಲರನ್ನೂ ಒಂದೇ ಸಲಕ್ಕೆ ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಮಗನ ಪ್ರೀತಿಯಲ್ಲಿ ಕೊರತೆಯಿಲ್ಲ; ಅವನಿಗೆ ತಾಯಿ ಬೇಕು, ಆದರೆ ತಾಯಿಗೆ ಬಳಗವೂ ಬೇಕೆಂಬುದು ಅವನಿಗೆ ಹೊಳೆದಿಲ್ಲ, ಅಷ್ಟೆ.

ನೀವು ಹೋದ ತಿಂಗಳುಗಳೂ ಸರಿಯಿರಲಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಟೊರಾಂಟೊದಲ್ಲಿ ಹಿಮದಲ್ಲಿ ನಡೆದು ರೂಢಿಯಿಲ್ಲದವರು ಮನೆಯೊಳಗೇ ಇರಬೇಕಾಗುತ್ತದೆ. ಜಾರಿ ಬಿದ್ದರೆ ಸೊಂಟದ ಮೂಳೆಯ ಭಯ. ಮೇ ತಿಂಗಳಲ್ಲಿ ಹೋಗಿ ಸೆಪ್ಟೆಂಬರ್ ಕೊನೆಗೆ ಬನ್ನಿ. ಆಗ ಅಲ್ಲಿ ಸಂಜೆ ಎಂಟಾದರೂ ಬೆಳಕಿರುತ್ತದೆ, ಉದ್ಯಾನಗಳ ಬೆಂಚುಗಳಲ್ಲಿ ನಿಮ್ಮಂಥ ಹಿರಿಯರು ಕುಳಿತಿರುತ್ತಾರೆ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆಗೆಯುವ ಹೊತ್ತಿಗೆ ನೀವು ಹಾಸನದಲ್ಲಿರಬಹುದು. ವರ್ಷಕ್ಕೊಮ್ಮೆ ತೆರೆದು ಬಲಿಪಾಡ್ಯಮಿಯ ಆಸುಪಾಸಿನಲ್ಲಿ ಮುಚ್ಚುವ ಆ ಗುಡಿಯ ಸರದಿಯಲ್ಲಿ ನಿಲ್ಲಲು ನಿಮಗೆ ಊರಿನವರ ಜೊತೆಯೂ ಸಿಗುತ್ತದೆ. ಕೆನಡಾದಲ್ಲಿ ನೆಲೆಸಿದವರ ತಂದೆ–ತಾಯಿಗಳಿಗೆಂದು ಸೂಪರ್ ವೀಸಾ ಎಂಬ ವ್ಯವಸ್ಥೆಯಿದೆ. 2022ರ ಜುಲೈನಿಂದ ಅದರಲ್ಲಿ ಒಂದು ಸಲಕ್ಕೆ ಐದು ವರ್ಷದವರೆಗೂ ಇರಲು ಅವಕಾಶ ಕೊಟ್ಟಿದ್ದಾರೆ. ಐದು ವರ್ಷ ಇರಬೇಕೆಂದೇನೂ ಇಲ್ಲ, ಹೋಗಿ ಬಂದು ಮಾಡಲಿಕ್ಕೂ ಅದು ಅನುಕೂಲ. ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ ಕಡ್ಡಾಯ; ಆ ಖರ್ಚಿನ ಲೆಕ್ಕವನ್ನು ಮಗ ಮೊದಲೇ ಹಾಕಲಿ.

ಅಲ್ಲಿರುವ ತಿಂಗಳುಗಳಲ್ಲಿ ನಿಮಗೆ ಮನೆಯ ಬೀಗದ ಕೈ, ಬಸ್ಸಿನ ಪಾಸು, ಗ್ರಂಥಾಲಯದ ಕಾರ್ಡು ಈ ಮೂರನ್ನು ಕೊಡಿಸೆಂದು ಮಗನಿಗೆ ಹೇಳಿ. ಟೊರಾಂಟೊ ಸಾರ್ವಜನಿಕ ಗ್ರಂಥಾಲಯಕ್ಕೆ ನಗರದಲ್ಲಿ ನೂರು ಶಾಖೆಗಳಿವೆ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಇದ್ದೀತು. ಮೊದಲ ವಾರ ಮಗ ಜೊತೆಗೆ ಬಂದು ದಾರಿ ತೋರಿಸಲಿ, ಆಮೇಲೆ ನೀವೇ ಹೋಗಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಿಲ್ದಾಣದ ಬೋರ್ಡಿಗೆ ಹೆದರಬೇಕಾಗಿಲ್ಲ. ಕನ್ನಡ ಕಲಿಸಲು ನಿಮ್ಮಂಥವರನ್ನು ಹುಡುಕುತ್ತಿರುವ ಎಳೆಯ ತಾಯಂದಿರು ಆ ಊರಿನಲ್ಲಿದ್ದಾರೆ. ಶನಿವಾರ ನಾಲ್ಕು ಮಕ್ಕಳು ಅ, ಆ ಬರೆಯಲು ಬಂದು ಕುಳಿತರೆ ಕಿಟಕಿಯಾಚೆ ನೋಡಲು ನಿಮಗೆ ಪುರುಸೊತ್ತಿರುವುದಿಲ್ಲ.

ಹಾಸನದಲ್ಲಿರುವಾಗ ಮಗನ ಕರೆಗೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಚಳಿಗಾಲದಲ್ಲಿ ಟೊರಾಂಟೊ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ. ಇಲ್ಲಿ ಬೆಳಗ್ಗೆ ಏಳಾದಾಗ ಅಲ್ಲಿ ಹಿಂದಿನ ರಾತ್ರಿ ಎಂಟೂವರೆಯೋ ಒಂಬತ್ತೂವರೆಯೋ ಆಗಿರುತ್ತದೆ. ನೀವು ಕಾಫಿ ಲೋಟ ಹಿಡಿದು ಕೂರುವ ಹೊತ್ತು, ಅವನು ಊಟ ಮುಗಿಸಿದ ಹೊತ್ತು. ದಿನವೂ ಬೇಡ. ಕರೆ ಬರದ ದಿನ ದೇವರ ಮುಂದೆ ಹರಕೆ ಹೊರುವಂತಾಗುವುದಾದರೆ ವಾರಕ್ಕೆ ಮೂರು ದಿನ ಎಂದು ಮೊದಲೇ ಗೊತ್ತುಮಾಡಿಕೊಂಡುಬಿಡಿ.

ಪ್ರಶ್ನೆ: ಒಂಬತ್ತು ವರ್ಷ ಸಿಂಗಪುರದಲ್ಲಿದ್ದು, ಅಪ್ಪನಿಗೆ ಆರೋಗ್ಯ ಕೆಟ್ಟಿದ್ದರಿಂದ ತೋಟ ನೋಡಿಕೊಳ್ಳಲು ಸಕಲೇಶಪುರದ ಹತ್ತಿರದ ನಮ್ಮ ಊರಿಗೆ ಮರಳಿ ಏಳು ತಿಂಗಳಾಯಿತು. ಅಲ್ಲಿದ್ದಾಗ ದಿನವೂ ಊರು ಊರು ಎನ್ನುತ್ತಿದ್ದೆ. ಈಗ ಅಂಗಡಿ ಜಗುಲಿಯಲ್ಲಿ ಕೂತರೆ ಕಾಳುಮೆಣಸಿನ ಬೆಲೆ, ಆನೆ ಕಾಟ, ಪಂಚಾಯಿತಿ ರಾಜಕೀಯ. ನನಗೆ ಹೇಳಲು ಏನೂ ಇರುವುದಿಲ್ಲ. ರಾತ್ರಿ ಸಿಂಗಪುರದ ಬೀದಿ ಊಟದ ಸಾಲುಗಳು ನೆನಪಾಗುತ್ತವೆ. ಹೇಳಿಕೊಳ್ಳಲು ನಾಚಿಕೆ. ನನಗೇನಾಗಿದೆ?

ಉತ್ತರ: ಮೇಲಿನ ಲಂಡನ್ ಪತ್ರಕ್ಕೆ ಕೊಟ್ಟ ಉತ್ತರವನ್ನು ಊರುಗಳ ಹೆಸರು ತಿರುಗಿಸಿ ಓದಿಕೊಂಡರೆ ಅರ್ಧ ಭಾಗ ನಿಮಗೂ ಸಲ್ಲುತ್ತದೆ. ಹೊರಗೆ ಹೋದವರಿಗೆ ಮೊದಲು ಉತ್ಸಾಹ, ಆಮೇಲೆ ಕುಸಿತ, ನಂತರ ಹೊಂದಾಣಿಕೆ ಎಂಬ ಏರಿಳಿತವಿದ್ದಂತೆ, ಮನೆಗೆ ಮರಳಿದವರಿಗೂ ಅದೇ ಏರಿಳಿತ ಇನ್ನೊಮ್ಮೆ ಬರುತ್ತದೆಂದು ಅಮೆರಿಕದ ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದಾರೆ. ಎರಡನೆಯ ಕುಸಿತ ಹೆಚ್ಚು ನೋಯಿಸುವುದೇಕೆಂದರೆ ಅದನ್ನು ಯಾರೂ ನಿರೀಕ್ಷಿಸಿರುವುದಿಲ್ಲ. ಪರದೇಶದಲ್ಲಿ ಬೇಜಾರು ಎಂದರೆ ಎಲ್ಲರೂ ಅಯ್ಯೋ ಎನ್ನುತ್ತಾರೆ. ಹುಟ್ಟಿದ ಊರಿನಲ್ಲಿ ಬೇಜಾರು ಎಂದರೆ ಕೊಬ್ಬು ಎನ್ನುತ್ತಾರೆ.

ಸಿಂಗಪುರದ ಊಟ ನೆನಪಾದರೆ ನಾಚಿಕೆಪಡಬೇಡಿ. ಅಲ್ಲಿನ ಹಾಕರ್ ಸಂಸ್ಕೃತಿಯನ್ನು, ಅಂದರೆ ಬೀದಿ ಊಟದ ಆ ಪದ್ಧತಿಯನ್ನು, 2020ರಲ್ಲಿ ಯುನೆಸ್ಕೊ ಕೂಡ ಪಾರಂಪರಿಕ ಪಟ್ಟಿಗೆ ಸೇರಿಸಿಕೊಂಡಿದೆ. ನಿಮ್ಮ ನಾಲಿಗೆ ತಪ್ಪೇನೂ ಮಾಡಿಲ್ಲ. ಒಂಬತ್ತು ವರ್ಷದ ಗೆಳೆಯರಿಗೆ ಫೋನ್ ಮಾಡಿ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ, ಆದ್ದರಿಂದ ನಿಮ್ಮ ಸಂಜೆಯ ಕಾಫಿಯ ಹೊತ್ತಿಗೆ ಅವರು ರಾತ್ರಿಯ ಊಟಕ್ಕೆ ಕೂತಿರುತ್ತಾರೆ.

ಜಗುಲಿಯ ಮಾತು ನಿಮಗೆ ಹತ್ತದಿರಲು ಕಾರಣವಿದೆ: ಅವರು ಒಂಬತ್ತು ವರ್ಷದ ಮಳೆಯನ್ನೂ ಬೆಲೆಯನ್ನೂ ಒಟ್ಟಿಗೆ ಕಂಡಿದ್ದಾರೆ, ನೀವು ಏಳು ತಿಂಗಳಿನದನ್ನು ಮಾತ್ರ. ಆದ್ದರಿಂದ ಹೇಳುವುದನ್ನು ಸದ್ಯಕ್ಕೆ ಬಿಟ್ಟು ಕೇಳಲು ಹೋಗಿ. ಚಿಗುರು ಯಾವಾಗ ತೆಗೆಸಬೇಕು, ಯಾವ ಮರದ ಕೊಂಬೆ ಸವರಿಸಬೇಕು, ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದರೆ ಅವರೇನು ಮಾಡುತ್ತಾರೆ ಎಂದು ಕೇಳಿ. ತಿಳಿದವರು ಹೇಳಲು ಕಾಯುತ್ತಿರುತ್ತಾರೆ, ಕೇಳುವವರೇ ಕಡಿಮೆ. ಪಕ್ಕದ ತೋಟದಲ್ಲಿ ಕುಯ್ಲು ನಡೆಯುವಾಗ ಒಂದು ಸುತ್ತು ಹೋಗಿ ಬನ್ನಿ. ರಾತ್ರಿ ತೋಟಕ್ಕೆ ಆನೆ ನುಗ್ಗಿದರೆ ತಕ್ಷಣ ಕರೆ ಮಾಡಬೇಕಾದ ಅಕ್ಕಪಕ್ಕದ ಐದು ಮನೆಗಳ ನಂಬರು ನಿಮ್ಮ ಮೊಬೈಲಿನಲ್ಲಿ ಇದೆಯೇ? ಇಲ್ಲದಿದ್ದರೆ ನಾಳೆಯೇ ಒಂದೊಂದು ಮನೆಗೂ ನಡೆದು ಹೋಗಿ ಕೇಳಿ ಬರೆದುಕೊಂಡು, ನಿಮ್ಮದನ್ನೂ ಕೊಟ್ಟು ಬನ್ನಿ.